ಮೂಡಲಕ್ಕೆ ಮುಖ

ನನ್ನ ಹೆಂಡತಿ ಕೊನೆಯ ದಿನಗಳಲ್ಲಿ ಕೇಳಿದ್ದು ಒಂದೇ. ತನ್ನನ್ನು ಮಣ್ಣು ಮಾಡುವಾಗ ತಲೆ ಪಶ್ಚಿಮಕ್ಕೆ, ಕಾಲು ಮೂಡಲಕ್ಕೆ ಇರಬೇಕು. ಅವಳ ತವರಿನಲ್ಲಿ ಮೂರು ತಲೆಮಾರಿನಿಂದ ಹಾಗೆಯೇ ಮಲಗಿಸುತ್ತ ಬಂದಿದ್ದರು. ಪ್ರಭು ಬರುವ ದಿನ ಎದ್ದು ಕುಳಿತರೆ ಮುಖ ನೇರ ಬೆಳಕಿಗೆ ಇರುತ್ತದೆ ಎಂಬುದು ಅವರ ನಂಬಿಕೆ.

“ಎದ್ದ ಕೂಡ್ಲೇ ಮಾರಿಗೆ ಬೆಳಕ ಬೀಳಬೇಕ್ರಿ. ಮರೀಬ್ಯಾಡ್ರಿ,” ಎಂದಳು.

“ಏಳೂಮುಂದ ಮೈಮ್ಯಾಲಿನ ಮಣ್ಣ ಯಾರ ಝಾಡಸ್ತಾರ?” ಎಂದೆ. ಅಳು ಬರಬಾರದೆಂದು ಆಡಿದ ಮಾತು.

“ನೀವು ಬಾಜೂಕ ಇರ್ತೀರಲ್ಲ, ನೀವ ಝಾಡಸ್ರಿ. ದಿನಾ ಹಿಟ್ಟ ಝಾಡಿಸಿಕೊಳ್ಳಾಂವ್ರು, ನಿಮಗೇನ ಹೊಸಾದು?”

ನಾನು ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ನಮ್ಮದು ಶಿವಭಕ್ತರ ಮನೆ. ಅವಳನ್ನು ಮದುವೆಯಾಗಲೆಂದು ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತನಾದೆ. ಭಾನುವಾರ ಇಬ್ಬರೂ ಬಸ್ಸು ಹತ್ತಿ ನವಲಗುಂದಕ್ಕೆ ಹೋಗಿ, ಬಾಡಿಗೆಯ ಒಂದು ಕೋಣೆಯಲ್ಲಿ ಜಮಖಾನದ ಮೇಲೆ ಕುಳಿತು ಪ್ರಾರ್ಥನೆ ಮುಗಿಸಿ ಬರುತ್ತಿದ್ದೆವು. ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದುದು ಕತ್ತಲೆ ಮಾತ್ರ. ಅವಳಿಗೆ ಹಾಗಿರಲಿಲ್ಲ. ಸಂಜೆ ಟಿವಿಯಲ್ಲಿ ಎಲ್ಲೋ ಯುದ್ಧ, ಎಲ್ಲೋ ಬೆಂಕಿ ಎಂದು ಕಂಡರೆ, ಹೆಸರು ಹೇಳಲು ಬಾರದ ಆ ದೇಶಗಳಿಗಾಗಿಯೂ ಮೊಣಕಾಲೂರುತ್ತಿದ್ದಳು. “ಅಲ್ಲೆ ಭಾಳ ಕತ್ತಲಿ ಐತಿ, ತಂದೆ. ಸ್ವಲ್ಪ ಬೆಳಕ ಕೊಡು.” ಅವಳ ಪ್ರಾರ್ಥನೆಯೆಲ್ಲ ಇಷ್ಟೇ.

ಒಂದು ಮಳೆಗಾಲದ ಬೆಳಗ್ಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಊರಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ, ಬೇರೆ ಸ್ಮಶಾನವೆಂಬುದು ಇಲ್ಲ. ಹೊಲದ ಮೂಲೆಯಲ್ಲಿ, ನನ್ನ ಅಪ್ಪ ಅಜ್ಜಂದಿರು ಇರುವಲ್ಲೇ ಜಾಗ ಮಾಡಿರೆಂದು ಅಪ್ಪನ ತಮ್ಮ ಕಾಕಾನಿಗೆ ಫೋನಿನಲ್ಲಿ ಹೇಳಿದೆ. ಹೇಗೆ ತೋಡಬೇಕೆಂದು ಹೇಳಲು ನನಗೆ ಹೊಳೆಯಲಿಲ್ಲ.

ಪೆಟ್ಟಿಗೆ ಹೊತ್ತ ಟೆಂಪೊ ಹೊಲಕ್ಕೆ ಬಂದಾಗ ಕುಣಿ ತಯಾರಾಗಿತ್ತು. ಚೌಕಾಕಾರ, ಆಳ, ಇಳಿಯಲು ಮೂರು ಮೆಟ್ಟಿಲು, ದಕ್ಷಿಣದ ಗೋಡೆಯಲ್ಲಿ ಒಬ್ಬರು ಕೂರುವಷ್ಟು ಗೂಡು. ನಮ್ಮ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕಾಕಾ ತಮಗೆ ಗೊತ್ತಿದ್ದುದನ್ನೇ ಅಚ್ಚುಕಟ್ಟಾಗಿ ಮಾಡಿದ್ದರು.

“ಕಾಕಾ, ಇದೇನ ಮಾಡಿದ್ರಿ?”

“ಏನ್ ಮಾಡಿದ್ನೆಪಾ? ನಿಮ್ಮಪ್ಪಗ ತೋಡಿದಾಂವನೂ ನಾನ. ಮನಿ ಸೊಸಿಗೆ ಬ್ಯಾರೆ ತೋಡ್ಲೇನ್ಲೇ?”

“ಆಕಿನ್ನ ಮಲಗಸ್ಬೇಕ್ರಿ. ಪ್ರಭು ಬರೂ ದಿನ ಎದ್ರ ಮಾರಿ ಮೂಡಲಕ್ಕ ಇರಬೇಕಂತ ಹೇಳ್ಯಾಳ್ರಿ.”

ಕಾಕಾ ಗುದ್ದಲಿ ಕೆಳಗಿಟ್ಟು ಪೆಟ್ಟಿಗೆಯನ್ನೇ ನೋಡಿದರು. “ಆರು ತಿಂಗಳು ಮಲಗಿ ಮಲಗಿ ಬ್ಯಾಸತ್ತಾಳ ಆ ಹುಡುಗಿ. ಇನ್ನರ ಕುಂದರ್ಲಿ ಬಿಡೋ.”

ಮೋಡ ಕಟ್ಟಿತ್ತು. ಮಳೆ ಬಿದ್ದರೆ ನಮ್ಮ ಎರೆ ಮಣ್ಣಿನಲ್ಲಿ ಕುಣಿಯ ಗೋಡೆ ನಿಲ್ಲುವುದಿಲ್ಲ. ಅವರು ಹೇಳಿದ್ದೇ ಸರಿಯೇನೋ ಎಂದೂ ಒಂದು ಗಳಿಗೆ ಅನಿಸಿತು. ಆದರೆ ಅವಳು ನನ್ನನ್ನು ಕೇಳಿದ್ದು ಅದೊಂದೇ. ಗುದ್ದಲಿ ಎತ್ತಿಕೊಂಡು ಇಳಿದು ಪಶ್ಚಿಮದ ಗೋಡೆಗೆ ಹಾಕಿದೆ.

“ಸರಿಯಲೇ ಅತ್ತಾಗ! ಹಿಟ್ಟ ಕೆದರಿದಂಗ ಕೆದರಾಕತ್ತೀಯಲ್ಲ,” ಎಂದು ಬೈದು ಕಾಕಾ ಅದನ್ನು ಕಸಿದುಕೊಂಡರು. ಎಪ್ಪತ್ತು ದಾಟಿದ ಮನುಷ್ಯ. ತಾವೇ ಇಳಿದು ಕುಣಿಯನ್ನು ಮೂಡಲು ಪಡುವಲಾಗಿ ಉದ್ದ ಮಾಡಿದರು.

ನವಲಗುಂದದಿಂದ ಪಾಸ್ಟರು ಮೊಣಕಾಲತನಕ ಕೆಸರು ಮಾಡಿಕೊಂಡು ಬಂದರು. ಪುಸ್ತಕ ತೆರೆಯುವ ಮೊದಲು ದಕ್ಷಿಣದ ಗೂಡನ್ನು ನೋಡಿ, “ಇದನ್ನ ಮುಚ್ಚೂದಿಲ್ಲೇನ್ರಿ ಯಜಮಾನ್ರ?” ಎಂದು ಕಾಕಾನನ್ನು ಕೇಳಿದರು.

“ಇರ್ಲಿ ಬಿಡ್ರಿ. ನಿಮ್ಮ ದೇವ್ರು ಬರೂದು ತಡಾ ಆದ್ರ, ಕುಂದ್ರಾಕ ಆಕಿಗೊಂದು ಜಾಗಾ ಬೇಕಲ್ಲ.”

ಪಾಸ್ಟರು ಆಗಲೆಂದು ತಲೆಯಾಡಿಸಿ ಪುಸ್ತಕ ತೆರೆದರು. ಮಳೆ ಹನಿಯತೊಡಗಿದಾಗ ಮಣ್ಣು ಹಾಕಿ ಮುಗಿದಿತ್ತು.

ಅವಳ ಮುಖ ಮೂಡಲಕ್ಕಾಯಿತು. ನನ್ನದನ್ನು ಎತ್ತ ತಿರುಗಿಸಬೇಕೋ ತಿಳಿಯಲಿಲ್ಲ. ಭಾನುವಾರದ ಬಸ್ಸು ಹತ್ತುವುದನ್ನು ಬಿಡಲಿಲ್ಲ, ಆದರೆ ಪಕ್ಕದ ಸೀಟಿನಲ್ಲಿ ಬೇರೆ ಯಾರಾದರೂ ಕುಳಿತರೆ ಎದ್ದು ನಿಲ್ಲುತ್ತಿದ್ದೆ. ಟಿವಿಯಲ್ಲಿ ಯುದ್ಧ ಮುಗಿದಿರಲಿಲ್ಲ. ಅದನ್ನು ನೋಡಿ ಮೊಣಕಾಲೂರುವವರು ಮನೆಯಲ್ಲಿ ಇರಲಿಲ್ಲ. ನಾನೊಮ್ಮೆ ಊರಿ ನೋಡಿದೆ. ಬಾಯಿಂದ ಏನೂ ಹೊರಡದೆ ಎದ್ದೆ.

ದಿನಾ ಬೆಳಗ್ಗೆ ಗಿರಣಿ ತೆರೆಯುವ ಮೊದಲು ಹೊಲಕ್ಕೆ ಹೋಗುತ್ತಿದ್ದೆ. ಅವಳಿಗೆ ಎದುರಾಗಿರಬೇಕೆಂದು ಕಾಲಿನ ಕಡೆ ನಿಲ್ಲುತ್ತಿದ್ದೆ. “ಬೆಳಕ ಕಾಣ್ತದೇನ?” ಎಂದು ಕೇಳುತ್ತಿದ್ದೆ. ನನಗಂತೂ ಕಾಣುತ್ತಿರಲಿಲ್ಲ.

ಬೇಸಿಗೆಯಲ್ಲಿ ನೆಲ ಬಿರಿಯಿತು. ಗೂಡು ಖಾಲಿ ಬಿಟ್ಟಿದ್ದ ಕಡೆ ಅವಳ ಮೇಲಿನ ಮಣ್ಣು ಒಂದು ಬದಿಗೆ ಕುಸಿಯಿತು. ಒಂದು ಬೆಳಗ್ಗೆ ನಾನು ಹೋಗಿ ನಿಂತಾಗ ಕಾಕಾ ಬುಟ್ಟಿಯಲ್ಲಿ ಮಣ್ಣು ತಂದು ಅದನ್ನು ತುಂಬುತ್ತಿದ್ದರು. ನನ್ನನ್ನು ಒಂದಿಷ್ಟು ಹೊತ್ತು ನೋಡಿ, “ದಿನಾ ಇಲ್ಲೇ ನಿಂದರ್ತೀಯೇನೋ?” ಎಂದರು.

“ಹೌದ್ರಿ.”

“ಹುಚ್ಚ ಅದೀಯಲೇ. ಮೂಡಲಕ್ಕ ಮಾರಿ ಆಗ್ಬೇಕಂತ ನನ್ನ ಕಡೆ ಎರಡ ಸಲ ಕುಣಿ ತೋಡಿಸಿದಿ. ಈಗ ನೀನ ಬೆಳಕಿಗೆ ಅಡ್ಡ ನಿಂತೀಯಲ್ಲೋ.”

ಕೆಳಗೆ ನೋಡಿದೆ. ಸೂರ್ಯ ನನ್ನ ಬೆನ್ನ ಹಿಂದೆ ಆಗಷ್ಟೇ ಮೇಲೆದ್ದಿದ್ದ. ನನ್ನ ನೆರಳು ಅವಳ ಕಾಲಿನಿಂದ ತಲೆಯತನಕ ಉದ್ದಕ್ಕೆ ಬಿದ್ದಿತ್ತು. ಇಷ್ಟೂ ತಿಂಗಳು ಹೀಗೆಯೇ ಬಿದ್ದಿರಬೇಕು.

ಸರಿದು ಹೋಗಿ ಬಾಜೂಕೆ ಕುಳಿತೆ, ಮಣ್ಣು ಕುಸಿದಿದ್ದ ಬದಿಯಲ್ಲಿ. ಎಳೆ ಬಿಸಿಲು ಬಿರುಕು ಬಿಟ್ಟ ಮಣ್ಣಿನ ಮೇಲೆ ಹರಡಿತು. ಅವಳ ಮಾತು ನಾಲಿಗೆಗೆ ಬಂತು, ಆದರೆ ದೂರದ ದೇಶ ಯಾವುದೂ ನೆನಪಾಗಲಿಲ್ಲ.

“ಇಲ್ಲೆ ಭಾಳ ಕತ್ತಲಿ ಐತಿ, ತಂದೆ,” ಎಂದೆ.

ಮುಂದಿನದನ್ನು ಹೇಳದೆ ಅವಳ ಮೇಲಿನ ಮಣ್ಣನ್ನು ಕೈಯಿಂದ ಸವರಿದೆ. ಕಾಕಾ ಕೇಳಿಯೂ ಕೇಳದವರಂತೆ ಇನ್ನೊಂದು ಬುಟ್ಟಿ ಮಣ್ಣು ತರಲು ಹೋದರು.