ಇಲ್ಲ ಅನ್ನಬಾರದ ಆಟ

ನಮ್ಮ ಮ್ಯಾನೇಜರ್ ಮೀಟಿಂಗ್ ರೂಮಿನ ನೆಲದ ಮೇಲೆ ಮೊಸಳೆಯಂತೆ ತೆವಳುತ್ತಿದ್ದರು. ಪಕ್ಕದಲ್ಲಿ ಸಹೋದ್ಯೋಗಿ ಮಂಜುನಾಥ ಕೈಮುಗಿದು ನಿಂತು ನನಗೆ ಹೇಳಿದ: "ಡಾಕ್ಟ್ರೇ, ನಮ್ ಮೊಸಳೆಗೆ ಹಲ್ಲುನೋವು, ಸ್ವಲ್ಪ ನೋಡಿ."

"ನಾನು ಡಾಕ್ಟರ್ ಅಲ್ಲ" ಎಂದೆ. ಆಟ ಅಲ್ಲಿಗೇ ಸತ್ತಿತು.

ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬಂದು ಎರಡನೇ ವರ್ಷ. ಹೊಸೂರು ರಸ್ತೆಯ ಮೇಲೆ ಆಗ ಫ್ಲೈಓವರ್ ಏಳುತ್ತಿತ್ತು. ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆತನದಲ್ಲಿ, ಪದವಿ ಮುಗಿಸಿದವಳು ನಾನೊಬ್ಬಳೇ. ಕಷ್ಟಪಟ್ಟು ಓದಿದ್ದು ಮೊಸಳೆಯ ಹಲ್ಲು ನೋಡಲಿಕ್ಕೇ ಎಂದು ಸಿಟ್ಟು ಬಂತು. ಇದಕ್ಕೆ ಇಂಪ್ರೊವ್ ಅನ್ನುತ್ತಾರೆ, ಬರೆದಿಟ್ಟ ಮಾತಿಲ್ಲದೆ ನಿಂತಲ್ಲೇ ಹುಟ್ಟಿಸಿ ಆಡುವ ಹಾಸ್ಯ. ಕಲಿಸಲು ಬಂದ ಹುಡುಗಿ ನಿಯಮ ವಿವರಿಸಿದಳು: ಎದುರಿನವರು ಕೊಟ್ಟದ್ದನ್ನು ಇಲ್ಲ ಅನ್ನಬೇಡಿ, ಒಪ್ಪಿಕೊಳ್ಳಿ, ನಿಮ್ಮದೊಂದು ಸೇರಿಸಿ. ಮನೆಯಲ್ಲೂ ಆಡಿ, ತಲೆ ಚುರುಕಾಗುತ್ತದೆ ಎಂದಳು.

ನನಗೆ ಅವ್ವ ನೆನಪಾದಳು. ನಮ್ಮ ಕಡೆ ಮದುವೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದೊಳಗೆ ಕಟ್ಟಿ ಹೇಳುತ್ತಾರೆ, ಅದೇ ಒಡಪು. ಕೈಗೆ ಮೊರ ಕೊಡಲಿ, ಕಸ ಹೊಡೆಯುವ ಬಾರಿಗಿ ಕೊಡಲಿ, ಅವ್ವ ಅದರ ಮೇಲೆಯೇ ಒಡಪು ಕಟ್ಟಿ ಓಣಿಯನ್ನೆಲ್ಲ ನಗಿಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಒಡಪು ಹೇಳೆಂದು ಅವಳನ್ನು ಯಾರೂ ಕೇಳಲಿಲ್ಲ. ದೊಡ್ಡಪ್ಪನ ಮಕ್ಕಳು ನಮ್ಮ ಮನೆ ಕೆಡವಿ ಗೋದಾಮು ಕಟ್ಟಿದರು. ಅವ್ವನನ್ನು ಹೆಬ್ಬಗೋಡಿಯ ನನ್ನ ಬಾಡಿಗೆ ಕೋಣೆಗೆ ಕರೆತಂದೆ.

ಊರಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ನೆರೆಯವರು ಬಂದು ನೋಡುತ್ತಿದ್ದರು. ಇಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು: "ಅದೇನಮ್ಮ ದಿನಾ ಬಡೀತೀರಾ, ನಮ್ ಮಗ ನೈಟ್ ಶಿಫ್ಟ್ ಮುಗಿಸಿ ಮಲ್ಗಿರ್ತಾನೆ. ಮುದ್ದೆ ಮಾಡ್ಕೊಳ್ಳಿ, ಸದ್ದೇ ಬರಲ್ಲ." ಕೆಟ್ಟವರಲ್ಲ, ಮರುದಿನ ರಾಗಿ ಹಿಟ್ಟನ್ನೂ ಕಳಿಸಿದರು. ಅವ್ವ ರೊಟ್ಟಿ ಬಿಟ್ಟಳು. ಜೊತೆಗೆ ಮಾತನ್ನೂ ಬಿಟ್ಟಳು. ಹೂಂ, ಉಹೂಂ, ಅಷ್ಟೇ. ಹೀಗೇ ಆದರೆ ಅವಳು ಒಳಗೇ ಒಣಗಿಹೋಗುತ್ತಾಳೆ ಎಂಬ ಭಯ ನನಗೆ.

ಆಟ ಕಲಿತ ದಿನ ಸಂಜೆ ತಟ್ಟೆಯೊಂದನ್ನು ಹಿಡಿದು, ಇದು ಕನ್ನಡಿ, ಮುಖ ನೋಡಿಕೋ ಎಂದೆ. ಹುಚ್ಚಿ, ಅದು ತಟ್ಟೆ ಎಂದಳು. ಅವಳಿಗೂ ನಿಯಮ ಗೊತ್ತಿರಲಿಲ್ಲ.

ಕೆಲವು ದಿನ ಕಳೆದು ಅವಳೇ, "ಹಿತ್ತಲದಾಗ ನುಗ್ಗಿ ಹೂ ಬಿಟ್ಟಿರಬೇಕು ಈಗ" ಎಂದಳು. ನುಗ್ಗೆ ಮರವೆಲ್ಲಿದೆ, ಅದನ್ನೂ ಕಡಿದರಲ್ಲ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. ಇಷ್ಟು ದಿನ ಇಲ್ಲ, ಇಲ್ಲ ಎನ್ನುತ್ತಿದ್ದವಳು ನಾನೇ.

"ಹೌದವ್ವಾ, ಕಾಯಿನೂ ಹಿಡದಿರಬೇಕು. ಬೇಡಾಕ ಬಾಜೂ ಮನಿ ಶಾಂತಕ್ಕ ಬಂದು ನಿಂತಾಳ."

"ಆಕಿಗೆ ಎಳೀವು ಕೊಡಬ್ಯಾಡ. ಹ್ವಾದ ಸಲ ತಿಂದು, ಕಹಿ ಇದ್ವು ಅಂತ ಊರೆಲ್ಲಾ ಹೇಳ್ಯಾಳ."

ಅವ್ವ ನಕ್ಕಳು. ಅಂದಿನಿಂದ ದಿನವೂ ಆಡಿದೆವು. ಕೆಡವಿದ ಮನೆಗೆ ಮಾತಿನಲ್ಲೇ ಅವಳೊಂದು ಗೋಡೆ ಎಬ್ಬಿಸಿದರೆ ನಾನೊಂದು ಕಿಟಕಿ ಇಡುತ್ತಿದ್ದೆ. ಎಮ್ಮೆ ಕಟ್ಟಿದೆವು, ಒಲೆ ಸಾರಿಸಿದೆವು. ಕಂಪನಿಯಲ್ಲೂ ನನ್ನ ಬಾಯಿ ಬಿಚ್ಚಿತು, ಸಭೆಗಳಲ್ಲಿ ಹೊಸದೇನಾದರೂ ಹೇಳುವವಳಾದೆ. ಆದರೆ ಮನೆಗೆ ಮರಳಿ ಬಾಗಿಲು ಹಾಕಿದರೆ ಹೆಬ್ಬಗೋಡಿ ಇರುತ್ತಿರಲಿಲ್ಲ.

ಒಂದು ಸಂಜೆ ಬಟ್ಟೆ ಮಡಚುತ್ತ ಅವ್ವ, "ನುಗ್ಗಿಕಾಯಿ ಬಲತ್ರ ನಾರಾಗತಾವು. ನಾಳಿ ಬಸ್ಸಿಗೆ ಹೋಗಿ ಹರಕೊಂಡು ಬರೂಣೇನು?" ಎಂದಳು.

ಮನೆ, ಮರ ಎರಡೂ ಇಲ್ಲದ್ದನ್ನು ಮರೆತೇ ಬಿಟ್ಟಳೇ? ಇಲ್ಲ ಎಂದರೆ ಮತ್ತೆ ಮೂಕಿಯಾಗುತ್ತಾಳೆ. "ಹೂಂ, ಹೋಗೂಣು. ಕಿಟಕಿ ಸೀಟು ನಿನಗ" ಎಂದೆ.

ಅವ್ವ ಕೈಯಲ್ಲಿದ್ದ ಸೀರೆ ಕೆಳಗಿಟ್ಟು ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಮರೆವು ಇರಲಿಲ್ಲ.

"ಇಳದು ಯಾರ ಮನೀಗೆ ಹೋಗೂಣು, ಯವ್ವಾ?" ಎಂದು ಕೇಳಿದಳು.

ಅವಳು ಕೆಳಗಿಟ್ಟ ಸೀರೆಯನ್ನು ನಾನು ಎತ್ತಿ ಮಡಚಿದೆ. ಅವಳು ಎದ್ದು ದೀಪ ಹಾಕಿದಳು.

ಈಗಲೂ ಆಡುತ್ತೇವೆ. ಶಾಂತಕ್ಕ ಬರುತ್ತಾಳೆ, ಎಮ್ಮೆ ಕರು ಹಾಕುತ್ತದೆ. ಬಸ್ಸಿನ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.