ಬಾಗಿಲು ಮುಚ್ಚಿರಬೇಕು, ಇಲ್ಲಾಂದ್ರೆ ಪ್ರೆಸ್ಸು ನಿಂತಿರಬೇಕು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಮೊದಲ ಕೆಲಸವಾಗಿತ್ತು. ತಗಡು ಒತ್ತುವ ಹಳೆಯ ಪ್ರೆಸ್ಸಿಗೆ ಆ ವಾರ ಕೈ ಒಳಗೆ ಹೋಗದಂತೆ ಹೊಸದಾಗಿ ಜಾಲರಿ ಬಾಗಿಲು ಕೂರಿಸಿದ್ದರು. ಆ ಪ್ರೆಸ್ಸನ್ನು ನಡೆಸುತ್ತಿದ್ದವರು ಲಗ್ಗೆರೆಯಿಂದ ಬರುತ್ತಿದ್ದ ಒಬ್ಬ ಅಕ್ಕ. ಹಿಂದೆ ಬೇರೆಲ್ಲೋ ಕೆಲಸದಲ್ಲಿದ್ದಾಗ ಅವರ ಎಡಗೈ ತೋರುಬೆರಳಿನ ತುದಿ ಪ್ರೆಸ್ಸಿಗೆ ಸಿಕ್ಕಿ ಹೋಗಿತ್ತು. ಹೊಸ ಪ್ರೋಗ್ರಾಂ ಹೇಗಿರಬೇಕೆಂದು ಅವರನ್ನೇ ಕೇಳಿದೆ.

"ಬಾಗ್ಲು ಮುಚ್ಚಿರ್ಬೇಕು, ಇಲ್ಲಾಂದ್ರೆ ಪ್ರೆಸ್ಸು ನಿಂತಿರ್ಬೇಕು. ಅಷ್ಟೇ ಮೇಡಂ."

ಇಷ್ಟು ಸುಲಭವೇ ಎನ್ನಿಸಿತು. ಎರಡರಲ್ಲಿ ಒಂದು ತಾನೇ? ಬಾಗಿಲು ಮುಚ್ಚಿದರೆ ಓಡು, ತೆರೆದರೆ ನಿಲ್ಲು ಎಂದು ಬರೆದುಬಿಟ್ಟೆ.

ಮರುದಿನ ಪರೀಕ್ಷೆ. ಅಕ್ಕ ತಗಡಿಟ್ಟು ಬಾಗಿಲು ಮುಚ್ಚಿದರು. ತಗಡು ಸೊಟ್ಟಗಿದೆ ಎಂದು ಹೇಳಲು ನನ್ನ ಕಡೆ ತಿರುಗಿದರು. ಯಾರೂ ಬಟನ್ ಮುಟ್ಟದೆ ಪ್ರೆಸ್ಸು ಧಡ್ಡನೆ ಇಳಿಯಿತು. ತಗಡು ಮುದುರಿ, ಕೆಳಗಿನ ಅಚ್ಚು ಸೀಳಿಹೋಯಿತು. ಅಕ್ಕ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದರು.

ಸದ್ದು ಕೇಳಿ ಓಡಿಬಂದ ಸೂಪರ್‌ವೈಸರ್ ಅಕ್ಕನ ಮೇಲೆಯೇ ರೇಗಿದರು. "ನೋಡ್ದೆ ಬಟನ್ ಒತ್ತಿದ್ಯಾಕಮ್ಮ?"

ಅಕ್ಕ ನನ್ನ ಕಡೆ ನೋಡಿದರು. ಒಂದು ಗಳಿಗೆ ನಾನು ಆ ತಪ್ಪು ಅವರ ಮೇಲೆಯೇ ಇರಲು ಬಿಟ್ಟೆ. ಆ ಗಳಿಗೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಹೇಳಿದೆ, "ಸಾರ್, ಅವ್ರು ಒತ್ತಿಲ್ಲ. ನಾನು ಬರ್ದಿದ್ದೇ ತಪ್ಪು."

ಸೂಪರ್‌ವೈಸರ್ ಗೊಣಗುತ್ತಾ ಹೋದ ಮೇಲೆ ಅಕ್ಕ ನನಗೆ ನೀರಿನ ಬಾಟಲಿ ಕೊಟ್ಟರು.

"ನಾನು 'ಇಲ್ಲಾಂದ್ರೆ' ಅಂದೆ, ಅಲ್ವಾ? ಮುಚ್ಚಿಲ್ಲಾಂದ್ರೆ ನಿಂತಿರ್ಬೇಕು. ಮುಚ್ಚಿದ್ರೆ ಓಡ್ಲೇಬೇಕು ಅಂತ ಎಲ್ಲಿ ಅಂದೆ ಮೇಡಂ? ಮುಚ್ಚಿದ್ರೂ ನಿಂತಿರ್ಬೋದಲ್ಲ."

ನಿಜ. ಬಾಗಿಲು ಮುಚ್ಚಿರುವುದು, ಪ್ರೆಸ್ಸು ನಿಂತಿರುವುದು ಎರಡೂ ಒಟ್ಟಿಗೆ ಇರಬಹುದಿತ್ತು. ಎರಡೂ ಇಲ್ಲದಿರುವುದು, ಅಂದರೆ ಬಾಗಿಲು ತೆರೆದಿದ್ದು ಪ್ರೆಸ್ಸು ಓಡುವುದು, ಮಾತ್ರ ಕೂಡದಾಗಿತ್ತು. ಷರತ್ತು ಅವರ 'ಇಲ್ಲಾಂದ್ರೆ' ಎಂಬ ಒಂದು ಪದದೊಳಗೇ ಇತ್ತು. ನಾನು ಅದನ್ನು ತಿರುವಿ, ಮುಚ್ಚಿದರೆ ಓಡು ಎಂದೂ ಸೇರಿಸಿದ್ದೆ.

ಅವರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಮತ್ತೆ ಬರೆದೆ: ಬಾಗಿಲು ಮುಚ್ಚಿಲ್ಲವೆಂದರೆ ನಿಲ್ಲು. ಮುಚ್ಚಿದ್ದು, ಎರಡೂ ಕೈಯಿಂದ ಎರಡು ಬಟನ್ ಒತ್ತಿದ್ದರೆ ಮಾತ್ರ ಓಡು.

ಅಚ್ಚು ರಿಪೇರಿಯಾಗಿ ಬಂದ ದಿನ ಅಕ್ಕ ಸುಮ್ಮನೆ ನಂಬಲಿಲ್ಲ. ಬಾಗಿಲು ಮುಚ್ಚಿ ಕಾದರು; ಪ್ರೆಸ್ಸು ಅಲುಗಲಿಲ್ಲ. ತಾವು ಎರಡೂ ಬಟನ್ ಒತ್ತಿಹಿಡಿದು, ಪ್ರೆಸ್ಸು ಇಳಿಯುವಾಗ ನನ್ನಿಂದ ಬಾಗಿಲನ್ನು ಒಂದಿಷ್ಟೇ ತೆಗೆಸಿದರು, ಅರ್ಧದಲ್ಲೇ ನಿಂತಿತು. ಹೀಗೆ ಮಧ್ಯಾಹ್ನದ ಊಟದವರೆಗೂ ಪರೀಕ್ಷಿಸಿದರು. ಕೊನೆಗೆ, "ಸಾಕು, ಈಗ ತಗಡು ಕೊಡಿ," ಎಂದು ಕೈ ಚಾಚಿದರು.