ಕಾಣದ ಎರಡು ಗೆರೆ

ನಾನು ಸಂಡೂರಿನವಳು. ಹೊಸಪೇಟೆಯ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುವಾಗ ದಿನಾ ಬಸ್ಸಿಗೆ ಓಡಾಡುತ್ತಿದ್ದೆ. ನನ್ನ ಗೈಡ್ ಕಂಪ್ಲಿಯವರು, ಮನೆತನದ್ದು ಅಕ್ಕಿ ಗಿರಣಿ. ಲ್ಯಾಬಿನ ಬಾಗಿಲಲ್ಲೇ ನನ್ನನ್ನು ತಡೆದು, "ಚಪ್ಪಲಿ ಹೊರಗ ಬಿಡವ್ವ. ನಿಮ್ಮೂರ ಗಣಿ ಎಲ್ಲಾ ಕಾಲಾಗ ಹೊತ್ಕೊಂಡು ಬಂದಿ," ಅನ್ನುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದದ್ದು, ಆದರೂ ನನಗೆ ಉರಿಯುತ್ತಿತ್ತು. ಅದಿರಿನ ಧೂಳು ನಮ್ಮೂರಲ್ಲಿ ಒಣಗಹಾಕಿದ ಸೀರೆಯನ್ನೂ ಬಿಡುವುದಿಲ್ಲ. ನಾನೇನು ಬೇಕಂತ ತರುತ್ತಿದ್ದೆನೇ?

ಅವರ ಹೆದರಿಕೆಗೆ ಕಾರಣ ಮೇಜಿನ ಮೇಲಿದ್ದ ಎನ್‌ಎಂಆರ್ ಯಂತ್ರ. ದೊಡ್ಡ ಊರುಗಳಲ್ಲಿ ಇಂಥದ್ದು ಒಂದು ಕೋಣೆಯನ್ನೇ ಹಿಡಿಯುತ್ತದೆ. ನಮ್ಮದು ಮನೆಯ ಟ್ರಂಕಿನಷ್ಟು. ಒಳಗೆ ಬಲವಾದ ಅಯಸ್ಕಾಂತ, ಮೇಲೊಂದು ತೂತು. ದ್ರಾವಣ ತುಂಬಿದ ತೆಳ್ಳನೆಯ ಗಾಜಿನ ಕೊಳವೆಯನ್ನು ಅದರೊಳಗೆ ಇಳಿಸಿದರೆ ಕಂಪ್ಯೂಟರಿನಲ್ಲಿ ಗೆರೆಗಳು ಏಳುತ್ತವೆ. ಅವನ್ನು ನೋಡಿ ಅಣುವಿನಲ್ಲಿ ಯಾವುದು ಯಾವುದಕ್ಕೆ ಅಂಟಿದೆ ಅಂತ ತಿಳಿಯುವುದು ನಮ್ಮ ಕೆಲಸ. ಕಬ್ಬಿಣದ ಧೂಳು ಒಳಗೆ ಬಿದ್ದರೆ ಅಯಸ್ಕಾಂತ ಅದನ್ನು ಹಿಡಿದುಕೊಂಡು ಗೆರೆಗಳೆಲ್ಲ ಕಲಸಿಹೋಗುತ್ತವೆ.

ನಾನು ಮಾಡಿದ್ದು ನೀರಿನಲ್ಲಿರುವ ಸೀಸವನ್ನು ಹಿಡಿಯಬೇಕಾದ ಒಂದು ಅಣು. ಗಟ್ಟಿಯಾಗಿ ಹಿಡಿದಿದ್ದರೆ ದೊಡ್ಡ ಗೆರೆಯ ಎಡಕ್ಕೊಂದು ಬಲಕ್ಕೊಂದು ಸಣ್ಣ ಗೆರೆ ಕಾಣಬೇಕು. ಅವೆರಡು ಬಂದರೆ ನನ್ನ ಥೀಸಿಸ್ಸಿನ ಕೊನೇ ಅಧ್ಯಾಯ ಮುಗಿದಂತೆ. ಗೈಡ್ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಅವರ ಸಹಿ ಬೀಳದಿದ್ದರೆ ನನ್ನನ್ನು ಬೇರೆ ಊರಿನ ಗೈಡಿಗೆ, ಬೇರೆ ವಿಷಯಕ್ಕೆ ದಾಟಿಸುತ್ತಿದ್ದರು. ಅಂದರೆ ಮತ್ತೆ ಮೊದಲಿನಿಂದ ಶುರು.

ಕೊಳವೆ ಇಳಿಸಿದೆ. ಬಂದದ್ದು ಗೆರೆಯಲ್ಲ, ಅಗಲವಾದ ಒಂದು ಗುಡ್ಡ. ಅದರಡಿ ಸಣ್ಣ ಗೆರೆಗಳಿದ್ದರೂ ಕಾಣುವಂತಿರಲಿಲ್ಲ. ದ್ರಾವಣ ಸೋಸಿ ಹೊಸ ಕೊಳವೆಗೆ ಹಾಕಿದೆ; ಅದೇ ಗುಡ್ಡ. ಗೈಡ್ ಕನ್ನಡಕ ಸರಿಮಾಡಿಕೊಂಡು ನೋಡಿ, "ಹಿಡಿದಿಲ್ಲ ಅಂತ ಬರದ್ಬಿಡವ್ವ. ಜಲ್ದಿ ಕೊಡು, ಸಹಿ ಹಾಕ್ತೀನಿ," ಅಂದರು.

"ಕಾಣ್ಸಿಲ್ಲ ಅಷ್ಟ ಸರ್. ಹಿಡಿದಿಲ್ಲ ಅಂತ ಹೆಂಗ ಬರೀಲಿ?"

"ಹಟ ಭಾಳ ನಿಂದು."

ಹೌದು, ಭಾಳ. ನನ್ನ ಅಣು ಸೀಸವನ್ನು ಹಿಡಿದೇ ಹಿಡಿದಿದೆ ಅಂತ ನನಗೆ ಖಾತ್ರಿಯಿತ್ತು.

ಬರೀ ನೀರು ತುಂಬಿ ಇಳಿಸಿ ನೋಡಿದೆ; ನೀರಿಗೆ ಒಂದೇ ಒಂದು ಚೂಪು ಗೆರೆ ಬರಬೇಕು. ನೀರಿಗೂ ಗುಡ್ಡವೇ ಬಂತು. ಅಂದಮೇಲೆ ತಪ್ಪು ನನ್ನ ದ್ರಾವಣದ್ದಲ್ಲ, ಯಂತ್ರದ್ದು. ಕೊಳವೆ ಹೊರತೆಗೆದು ಬಿಳೀ ಟಿಶ್ಯೂನಿಂದ ಒರೆಸಿದರೆ ಕೆಂಪು ಹತ್ತಿತು. ಗೈಡ್ ನನ್ನ ಕಾಲು ನೋಡಿದರು. "ನಾ ಹೇಳಿದ್ದಿಲ್ಲ?" ಅಂದರು. ಅಳುವಷ್ಟು ಸಿಟ್ಟು ಬಂತು.

ಯಂತ್ರದ ಬಾಯಿಯ ಹತ್ತಿರ ಬಗ್ಗಿದೆ. ಸುತ್ತಲೂ ಕೆಮ್ಮಣ್ಣಿನ ಪಟ್ಟೆ, ಒಣಗಿ ಹಕ್ಕಳೆ ಎದ್ದಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿ, ಮೋಟರು, ಗಿರಣಿ ಎಲ್ಲಕ್ಕೂ ಪೂಜೆ ಆಗಬೇಕು. ಹಿಂದೆಲ್ಲ ಗೈಡ್ ಈ ಯಂತ್ರದ ಮುಂದೆ ಊದಿನಕಡ್ಡಿ ಹಚ್ಚಿ ಸುಮ್ಮನಾಗುತ್ತಿದ್ದರು. ಈ ಸಲ ನಿವೃತ್ತಿಗೆ ಮುಂಚಿನ ಕೊನೇ ಅಮಾವಾಸ್ಯೆ ಅಂತ ಮನೆಯ ಗಿರಣಿಗೆ ಮಾಡುವ ಹಾಗೆಯೇ ಮಾಡಿದ್ದರು. ಅಲ್ಲಿ ಭತ್ತ ಸುರಿಯುವ ಬಾಯಿಯ ಸುತ್ತ ಕೆಮ್ಮಣ್ಣು ಬಳಿದು ಮೇಲೆ ವಿಭೂತಿ ಎಳೆಯುತ್ತಾರೆ. ಇಲ್ಲಿ ಕೊಳವೆ ಇಳಿಸುವ ಬಾಯಿಗೆ ಬಳಿದಿದ್ದರು.

ಒಂದು ಹಕ್ಕಳೆಯನ್ನು ಪುಡಿ ಮಾಡಿ ಕಾಗದದ ಮೇಲಿಟ್ಟು, ಕೆಳಗೆ ಅಯಸ್ಕಾಂತದ ಚೂರೊಂದನ್ನು ಆಡಿಸಿದೆ. ಪುಡಿ ಎದ್ದು ನಿಂತು ಅದರ ಹಿಂದೆ ಸರಿಯಿತು. ನಮ್ಮ ಕಡೆಯ ಕೆಮ್ಮಣ್ಣು, ಕಬ್ಬಿಣ ಇರದೆ ಇರುತ್ತದೆಯೇ?

"ಸರ್, ಇದು ನನ್ನ ಕಾಲಿಂದಲ್ಲ," ಅಂದೆ.

ಅವರ ಮುಖ ಸಣ್ಣದಾಯಿತು. "ನಿನಗ ಒಳ್ಳೇದಾಗ್ಲಿ ಅಂತ ಮಾಡಿದ್ನವ್ವ," ಅಂದರು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಕಂಪನಿಯ ಇಂಜಿನಿಯರ್ ಬಂದು ಒಳಗೆಲ್ಲ ಬಿಚ್ಚಿ ಸ್ವಚ್ಛ ಮಾಡಿಕೊಟ್ಟ. ನೀರು ಹಾಕಿದೆವು, ಸೂಜಿಯಂಥ ಗೆರೆ ಬಂತು. ಕೈ ಒರೆಸಿಕೊಂಡು ನನ್ನ ದ್ರಾವಣ ಇಳಿಸಿದೆ. ಅದಕ್ಕೂ ಸೂಜಿಯಂಥ ಗೆರೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಏನೂ ಇಲ್ಲ. ಸಣ್ಣ ಗೆರೆ ಎಲ್ಲಾದರೂ ಅಡಗಿದೆಯೇನೋ ಅಂತ ಸಂಜೆಯವರೆಗೆ ಮತ್ತೆ ಮತ್ತೆ ಯಂತ್ರ ಓಡಿಸಿದೆ. ಎರಡೂ ಕಡೆ ಸಪಾಟು. ನನ್ನ ಅಣು ಸೀಸವನ್ನು ಹಿಡಿದಿರಲಿಲ್ಲ.

ಗೈಡ್ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. "ಇದಕ್ಕ ಇಷ್ಟೆಲ್ಲಾ ರಂಪ ಮಾಡಿದ್ನಾ ಸರ್? ನೀವು ಅವತ್ತ ಹೇಳಿದ್ರಿ," ಅಂದೆ. ಕಣ್ಣೀರು ತಡೆಯಲಾಗಲಿಲ್ಲ.

"ಅವತ್ತು ನಾ ಹೇಳಿದ್ದು ಬರೇ ಅಂದಾಜವ್ವ. ನೀ ಬರದು ಕೊಟ್ಟಿದ್ರ ಕಣ್ಣು ಮುಚ್ಚಿ ಸಹಿ ಹಾಕಿಬಿಡ್ತಿದ್ದೆ," ಅಂದರು. ಕಾಗದ ನನ್ನ ಕಡೆ ಸರಿಸಿ, "ಈಗ ಬರಿ," ಅಂದರು.

ಮುಖ ತೊಳೆದುಕೊಂಡು ಬಂದು ಬರೆದೆ: ಈ ಅಣು ಸೀಸವನ್ನು ಹಿಡಿಯುವುದಿಲ್ಲ. ಅವರು ಆ ಸಾಲನ್ನು ಎರಡು ಸಲ ಓದಿ, ಪೆನ್ನು ಕೇಳಿದರು.